ಪರದೆಯ ಆಚೆಯ ಸಹಿಗೆ ಸಾಕ್ಷಿ: ಆನ್‌ಲೈನ್ ನೋಟರಿ ಕುರಿತು ಓದುಗರ ಪ್ರಶ್ನೆಗಳು

ವಿಡಿಯೋ ಕರೆಯ ಮೂಲಕ ದಸ್ತಾವೇಜುಗಳನ್ನು ನೋಟರಿ ಮಾಡುವ ವಿಷಯವಾಗಿ ಅಮೆರಿಕದಲ್ಲಿರುವ ಕನ್ನಡಿಗರಿಂದಲೂ ಇಲ್ಲಿನ ಓದುಗರಿಂದಲೂ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಎರಡು ದೇಶಗಳ ಕಾನೂನು ಇಲ್ಲಿ ಒಂದಕ್ಕೊಂದು ತಾಗುವುದರಿಂದ ಉತ್ತರಗಳು ಕೊಂಚ ದೀರ್ಘವಾಗಿವೆ.

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಮದುವೆಯಾದ ಮೇಲೆ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿದ್ದೇನೆ. ಈಗ ಗ್ರೀನ್ ಕಾರ್ಡ್ ಬಂದಿದೆ. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲೇ ಕುಳಿತು ಆನ್‌ಲೈನ್ ನೋಟರಿಯಾಗಿ ದುಡಿಯಬಹುದೆಂದು ಸ್ನೇಹಿತೆಯೊಬ್ಬರು ಹೇಳಿದರು. ನಾನು ವಕೀಲಳಲ್ಲ. ಇದು ಸಾಧ್ಯವೇ? ಖರ್ಚೆಷ್ಟು, ಸಂಪಾದನೆ ಎಷ್ಟು?

ಉತ್ತರ: ಸಾಧ್ಯ. ನೋಟರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನ್ಯಾಯಾಲಯದ ಆವರಣದಲ್ಲಿ ಕಪ್ಪು ಕೋಟು ತೊಟ್ಟು ಕುಳಿತ ಹಿರಿಯ ವಕೀಲರು. ಅದರಿಂದಲೇ ನಿಮಗೆ ಈ ಅಳುಕು. ಅಮೆರಿಕದ ನೋಟರಿ ಬೇರೆ ಬಗೆಯವರು. ಅಲ್ಲಿ ನೋಟರಿ ಎಂದರೆ ರಾಜ್ಯ ಸರ್ಕಾರ ನೇಮಿಸಿದ, ಯಾರ ಪಕ್ಷಕ್ಕೂ ಸೇರದ ಒಬ್ಬ ಅಧಿಕೃತ ಸಾಕ್ಷಿ, ಅಷ್ಟೆ. ಟೆಕ್ಸಾಸಿನಲ್ಲಿ 18 ವರ್ಷ ತುಂಬಿದ, ಆ ರಾಜ್ಯದಲ್ಲಿ ವಾಸವಿರುವ, ಗಂಭೀರ ಅಪರಾಧದಲ್ಲಾಗಲಿ ನೈತಿಕ ಅಧಃಪತನ ಎನಿಸುವ ಅಪರಾಧದಲ್ಲಾಗಲಿ ಶಿಕ್ಷೆಯಾಗದ ಯಾರಾದರೂ ಅರ್ಜಿ ಹಾಕಬಹುದು. ಪೌರತ್ವವೂ ಬೇಕಿಲ್ಲ. ಹಿಂದೆ ಟೆಕ್ಸಾಸ್ ಅದನ್ನು ಕಡ್ಡಾಯ ಮಾಡಿತ್ತು. ಬರ್ನಾಲ್ ವಿರುದ್ಧ ಫೇಂಟರ್ ಎಂಬ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಆ ಷರತ್ತನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಅಲ್ಲಿ ದಾವೆ ಹೂಡಿದವರೂ ನಿಮ್ಮಂತೆಯೇ ಕಾಯಂ ನಿವಾಸಿಯಾಗಿದ್ದರು.

ಪರದೆಯ ಮೂಲಕ ನೋಟರಿ ಮಾಡುವ ಪದ್ಧತಿಗೆ ಮೊದಲು ಕಾನೂನು ಮಾಡಿದ್ದು ವರ್ಜೀನಿಯಾ ರಾಜ್ಯ. 2011ರಲ್ಲಿ ಒಪ್ಪಿದ ಆ ಕಾನೂನು 2012ರ ಜುಲೈ 1ರಿಂದ ಜಾರಿಗೆ ಬಂತು. ಟೆಕ್ಸಾಸಿನಲ್ಲಿ 2018ರ ಜುಲೈ 1ರಿಂದ ಇದಕ್ಕೆ ಅವಕಾಶವಿದೆ. 2020ರ ಕೋವಿಡ್ ಕಾಲದಲ್ಲಿ ಮನೆ ಮಾರುವವರು, ಸಾಲ ಪಡೆಯುವವರು ನೋಟರಿಯ ಎದುರು ಕೂರಲಾಗದೆ ಒದ್ದಾಡಿದಾಗ ಉಳಿದ ರಾಜ್ಯಗಳೂ ಅವಸರದಲ್ಲಿ ಇತ್ತ ಹೊರಳಿದವು. ಈಗ ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಾಯಂ ಕಾನೂನಿದೆ.

ನೀವು ಮೊದಲು ಸಾಮಾನ್ಯ ನೋಟರಿಯಾಗಬೇಕು. ಅದಕ್ಕೆ ಸರ್ಕಾರದ ಶುಲ್ಕ 21 ಡಾಲರ್. ಜೊತೆಗೆ 10,000 ಡಾಲರ್ ಮೊತ್ತದ ಜಾಮೀನು ಬಾಂಡನ್ನು ವಿಮಾ ಕಂಪನಿಯೊಂದರಿಂದ ಪಡೆಯಬೇಕು. ಅಷ್ಟು ಹಣವನ್ನು ನೀವು ಇಡಬೇಕಾಗಿಲ್ಲ, ಸಣ್ಣ ಕಂತು ಕಟ್ಟಿದರೆ ಸಾಕು. ಆದರೆ ಬಾಂಡಿನ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿರುತ್ತಾರೆ. ಅದು ನಿಮ್ಮನ್ನು ಕಾಯುವ ವಿಮೆಯಲ್ಲ. ನಿಮ್ಮ ತಪ್ಪಿನಿಂದ ನಷ್ಟವಾದವರನ್ನು ಕಾಯುವ ಜಾಮೀನು. ಅವರಿಗೆ ಹಣ ಕೊಟ್ಟ ಕಂಪನಿ ಅದನ್ನು ಆಮೇಲೆ ನಿಮ್ಮಿಂದಲೇ ವಸೂಲು ಮಾಡುತ್ತದೆ. ನಿಮ್ಮ ರಕ್ಷಣೆಗೆ ಬೇಕಾದದ್ದು ವೃತ್ತಿದೋಷದ ವಿಮೆ. ಟೆಕ್ಸಾಸಿನಲ್ಲಿ ಅದು ಕಡ್ಡಾಯವಲ್ಲದಿದ್ದರೂ, ಮನೆಯ ಮಾರಾಟದಂಥ ದೊಡ್ಡ ಮೊತ್ತದ ಪತ್ರಗಳಿಗೆ ಮುದ್ರೆ ಹಾಕುವ ಕೆಲಸಕ್ಕೆ ಅದಿಲ್ಲದೆ ಇಳಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಫ್ಲಾರಿಡಾ ಈ ವಿಷಯದಲ್ಲಿ ಹೆಚ್ಚು ಬಿಗಿಯಾಗಿದೆ: ಅಲ್ಲಿ ಆನ್‌ಲೈನ್ ನೋಟರಿಗೆ 25,000 ಡಾಲರ್ ಬಾಂಡು, ಅಷ್ಟೇ ಮೊತ್ತದ ವೃತ್ತಿದೋಷ ವಿಮೆ, ಪ್ರತ್ಯೇಕ ತರಬೇತಿ, ಈ ಮೂರೂ ಕಡ್ಡಾಯ.

ಸಾಮಾನ್ಯ ನೋಟರಿಯ ನೇಮಕ ನಾಲ್ಕು ವರ್ಷಕ್ಕೆ. ಅದು ಕೈಗೆ ಬಂದ ಮೇಲೆ ಡಿಜಿಟಲ್ ಪ್ರಮಾಣಪತ್ರವನ್ನೂ ನಿಮ್ಮ ಮೊಹರಿನ ವಿದ್ಯುನ್ಮಾನ ಪ್ರತಿಯನ್ನೂ ಸಿದ್ಧಪಡಿಸಿಕೊಂಡು, 50 ಡಾಲರ್ ಶುಲ್ಕದೊಡನೆ ರಾಜ್ಯ ಕಾರ್ಯದರ್ಶಿಗಳ ಕಚೇರಿಗೆ ಆನ್‌ಲೈನ್ ನೋಟರಿಯ ಅರ್ಜಿ ಸಲ್ಲಿಸಬೇಕು. ಡಿಜಿಟಲ್ ಪ್ರಮಾಣಪತ್ರದ ಕೆಲಸವೆಂದರೆ, ನೀವು ಸಹಿ ಹಾಕಿದ ಮೇಲೆ ಪತ್ರದಲ್ಲಿ ಒಂದು ಅಕ್ಷರ ಬದಲಾದರೂ ಅದು ಪತ್ತೆಯಾಗುವಂತೆ ನೋಡಿಕೊಳ್ಳುವುದು. ತರಬೇತಿಯ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತಿರುವುದರಿಂದ ಅರ್ಜಿ ಹಾಕುವ ವಾರದಲ್ಲೇ ಆ ಕಚೇರಿಯ ಜಾಲತಾಣವನ್ನು ಓದಿಕೊಳ್ಳಿ. ಹಳೆಯ ವಿಡಿಯೋಗಳನ್ನು ನಂಬಿ ಹಣ ಕಟ್ಟಬೇಡಿ.

ಇನ್ನು ಕೆಲಸದ ಸ್ವರೂಪ. ಸಹಿ ಮಾಡುವವರು ನಿಮಗೆ ಸ್ವತಃ ಪರಿಚಿತರಲ್ಲದಿದ್ದರೆ ಅವರ ಗುರುತನ್ನು ಮೂರು ರೀತಿಯಲ್ಲಿ ಖಚಿತಪಡಿಸಿಕೊಳ್ಳಬೇಕೆಂದು ಟೆಕ್ಸಾಸ್ ಹೇಳುತ್ತದೆ. ಅವರು ತಮ್ಮ ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿಯಬೇಕು; ಆ ಚೀಟಿ ಅಸಲಿಯೇ ಎಂದು ತಂತ್ರಾಂಶ ಪರೀಕ್ಷಿಸಬೇಕು; ಅದರ ಮೇಲೆ, ಅವರ ಹಳೆಯ ವಿಳಾಸ, ವಾಹನ, ಸಾಲ ಇಂಥವನ್ನು ಕುರಿತ ಕನಿಷ್ಠ ಐದು ಪ್ರಶ್ನೆಗಳಿಗೆ ಅವರು ಎರಡು ನಿಮಿಷದೊಳಗೆ ಉತ್ತರಿಸಿ, ಶೇಕಡ 80ರಷ್ಟನ್ನಾದರೂ ಸರಿಯಾಗಿ ಹೇಳಬೇಕು. ಈ ಪ್ರಶ್ನೆಗಳು ಹುಟ್ಟುವುದು ಅಮೆರಿಕದ ಸಾಲ ಮತ್ತು ಆಸ್ತಿ ದಾಖಲೆಗಳಿಂದ. ಮೊಮ್ಮಗುವನ್ನು ನೋಡಲು ಆರು ತಿಂಗಳಿಗೆಂದು ಬಂದ ತಂದೆತಾಯಿಗಳ ಹೆಸರಿನಲ್ಲಿ ಅಂಥ ದಾಖಲೆಯೇ ಇರುವುದಿಲ್ಲವಾದ್ದರಿಂದ ಅವರು ಈ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ಕನ್ನಡ ಬಲ್ಲ ನೋಟರಿಯಾಗಿ ಹಿರಿಯರಿಗೆ ನೆರವಾಗಬೇಕೆಂಬ ಆಸೆ ನಿಮಗಿದ್ದರೆ, ಅವರ ವಿಷಯದಲ್ಲಿ ಎದುರಿಗೆ ಕೂರಿಸಿಕೊಂಡು ಮಾಡುವ ಸಾಮಾನ್ಯ ನೋಟರಿ ಕೆಲಸವೇ ಉಪಯೋಗಕ್ಕೆ ಬರುತ್ತದೆ.

ಇಡೀ ಭೇಟಿಯ ಧ್ವನಿ ಮತ್ತು ದೃಶ್ಯ ಮುದ್ರಣವಾಗುತ್ತದೆ. ಅದನ್ನೂ, ನೀವು ಮಾಡಿದ ನೋಟರಿ ಕೆಲಸಗಳನ್ನು ದಾಖಲಿಸುವ ವಹಿಯನ್ನೂ ಕಾನೂನು ಹೇಳಿದಷ್ಟು ವರ್ಷ ಜೋಪಾನ ಮಾಡುವ ಹೊಣೆ ನಿಮ್ಮದು. ನ್ಯೂಯಾರ್ಕಿನಲ್ಲಿ ಆ ಅವಧಿ 10 ವರ್ಷ. ಈ ಮುದ್ರಣವನ್ನು ಕಿರಿಕಿರಿ ಎಂದು ತಿಳಿಯಬೇಡಿ. ಸಹಿ ಮಾಡಿದವರು ನೋಟರಿಯ ಮುಖವನ್ನೇ ಕಂಡಿರದಿದ್ದರೂ ಮುದ್ರೆ ಬಿದ್ದಿದ್ದ ಪತ್ರಗಳು ನನ್ನ ವಕೀಲಿ ವೃತ್ತಿಯಲ್ಲಿ ಕೈಗೆ ಬಂದಿವೆ. ಅಂಥ ಒಂದು ಪತ್ರದಿಂದ ಒಡಹುಟ್ಟಿದವರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದದ್ದನ್ನೂ ನೋಡಿದ್ದೇನೆ. ವಿಡಿಯೋ ಇದ್ದಿದ್ದರೆ ಆ ದಾವೆ ಒಂದೇ ವಾಯಿದೆಗೆ ಮುಗಿಯುತ್ತಿತ್ತು.

ತಂತ್ರಾಂಶಕ್ಕೆ ತಿಳಿಯದ್ದೂ ಒಂದಿದೆ: ಎದುರಿನವರು ಮನಸ್ಸಿದ್ದು ಸಹಿ ಮಾಡುತ್ತಿದ್ದಾರೆಯೇ ಎಂಬುದು. ವಯಸ್ಸಾದವರೊಬ್ಬರು ಪ್ರತಿ ಮಾತಿಗೂ ಪಕ್ಕಕ್ಕೆ ಕಣ್ಣು ಹಾಯಿಸುತ್ತಿದ್ದರೆ, ಕ್ಯಾಮೆರಾಕ್ಕೆ ಕಾಣದವರಾರೋ ಉತ್ತರ ಹೇಳಿಕೊಡುತ್ತಿದ್ದರೆ, ಕೋಣೆಯನ್ನು ಒಮ್ಮೆ ಸುತ್ತ ತೋರಿಸುವಂತೆ ಕೇಳಿ. 'ಈ ಪತ್ರ ಯಾತರದ್ದು, ನಿಮ್ಮ ಇಷ್ಟದಿಂದ ಸಹಿ ಮಾಡುತ್ತಿದ್ದೀರಾ?' ಎಂದು ಅವರನ್ನೇ ನೇರವಾಗಿ ಮಾತಾಡಿಸಿ. ಅನುಮಾನ ಉಳಿದರೆ ಕೆಲಸ ನಿಲ್ಲಿಸಿಬಿಡಿ. ಬ್ಯಾಂಕಿನ ಕೌಂಟರಿನಲ್ಲಿ ಆರು ವರ್ಷ ಕುಳಿತವರಿಗೆ ಮುಖ ಓದುವುದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಈ ಕೆಲಸಕ್ಕೆ ನಿಮ್ಮ ಹಳೆಯ ಅನುಭವ ನಿಜವಾಗಿ ಒದಗಿಬರುವುದು ಇಲ್ಲಿ ಎಂದು ನನಗನ್ನಿಸುತ್ತದೆ.

ಎರಡು ನಿಷೇಧಗಳನ್ನು ಮರೆಯಬಾರದು. ಪತ್ರವನ್ನು ಹೇಗೆ ಬರೆಯಬೇಕು, ಯಾವ ಪತ್ರ ಮಾಡಿಸುವುದು ಲೇಸು ಎಂದು ನೀವು ಸಲಹೆ ಕೊಡುವಂತಿಲ್ಲ. ಅದು ವಕೀಲರ ಕೆಲಸ, ವಕೀಲರಲ್ಲದವರು ಮಾಡಿದರೆ ಅಪರಾಧ. ಎರಡನೆಯದಾಗಿ, ಸಹಿ ಮಾಡುವವರು ಎಲ್ಲಿ ಬೇಕಾದರೂ ಇರಬಹುದು, ಆದರೆ ಮುದ್ರೆ ಹಾಕುವ ಹೊತ್ತಿನಲ್ಲಿ ನೀವು ಟೆಕ್ಸಾಸಿನ ಗಡಿಯೊಳಗೇ ಇರಬೇಕು. ಬೇಸಿಗೆ ರಜೆಗೆ ಹಾಸನಕ್ಕೆ ಬಂದಾಗ ತವರುಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಈ ಕೆಲಸ ಮಾಡುವಂತಿಲ್ಲ.

ಸಂಪಾದನೆಯ ಮಾತು. ಸಾಮಾನ್ಯ ಶುಲ್ಕದ ಮೇಲೆ ಆನ್‌ಲೈನ್ ಕೆಲಸಕ್ಕೆಂದು ನೀವು ಹೆಚ್ಚೆಂದರೆ 25 ಡಾಲರ್ ಪಡೆಯಬಹುದೆಂದು ಟೆಕ್ಸಾಸ್ ಗೊತ್ತುಮಾಡಿದೆ. ಆನ್‌ಲೈನ್ ನೋಟರಿ ಸೇವೆ ಒದಗಿಸುವ ದೊಡ್ಡ ಜಾಲವೇದಿಕೆಗಳ ಮೂಲಕ ಕೆಲಸ ಬಂದಾಗ ಅದರಲ್ಲಿ ಒಂದು ಪಾಲು ಮಾತ್ರ ನಿಮ್ಮ ಕೈ ಸೇರುತ್ತದೆ. ನಿಮ್ಮದೇ ಗಿರಾಕಿಗಳಿದ್ದರೆ ವೇದಿಕೆಯ ಬಾಡಿಗೆಯನ್ನೂ ಗುರುತು ಪರೀಕ್ಷೆಯ ಖರ್ಚನ್ನೂ ನೀವೇ ಹೊರಬೇಕು. ಮನೆ ಖರೀದಿಯ ಸಾಲದ ಕಾಗದಪತ್ರಗಳಿಗೆ ಸಹಿ ಮಾಡಿಸುವ ಕೆಲಸ ಸಿಕ್ಕರೆ ಆದಾಯ ಹೆಚ್ಚು, ಆದರೆ ಅದು ಬಡ್ಡಿ ದರದ ಏರಿಳಿತವನ್ನು ಅವಲಂಬಿಸಿದ್ದು. ಬಡ್ಡಿ ಏರಿದ ವರ್ಷ ಕೆಲಸವೂ ಸೊರಗುತ್ತದೆ. ಮೊದಲ ವರ್ಷ ಇದನ್ನು ಮನೆ ನಡೆಸುವ ಆದಾಯವೆಂದು ಎಣಿಸದೆ, ಜೊತೆಗೆ ಬರುವ ಹಣವೆಂದು ಭಾವಿಸಿ ಆರಂಭಿಸಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಡಲ್ಲಾಸಿನಲ್ಲಿ ಕೆಲಸ ಮಾಡುತ್ತಿದ್ದೇನೆ, ನನ್ನ ಹೆಂಡತಿ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿದ್ದಾಳೆ. ನಾವಿಬ್ಬರೂ ನೋಟರಿಯಾಗಿ ವಾರಾಂತ್ಯದಲ್ಲಿ ಆನ್‌ಲೈನ್ ಕೆಲಸ ಮಾಡಬಹುದೇ?

ಉತ್ತರ: ನೋಟರಿ ನೇಮಕ ಸಿಗುವುದು ಬೇರೆ, ಅದರಿಂದ ದುಡಿಯುವ ಅನುಮತಿ ಇರುವುದು ಬೇರೆ. ಪೌರತ್ವವಿಲ್ಲವೆಂಬ ಕಾರಣಕ್ಕೆ ರಾಜ್ಯ ನಿಮ್ಮ ಅರ್ಜಿಯನ್ನು ತಿರಸ್ಕರಿಸದಿರಬಹುದು, ಆದರೆ ವಲಸೆ ಕಾನೂನು ಒಕ್ಕೂಟ ಸರ್ಕಾರದ್ದು. ಅದಕ್ಕೆ ರಾಜ್ಯದ ನೇಮಕಪತ್ರ ಉತ್ತರವಾಗುವುದಿಲ್ಲ. ಎಚ್-1ಬಿ ವೀಸಾ ನಿಮ್ಮನ್ನು, ನಿಮ್ಮ ಪರವಾಗಿ ಅರ್ಜಿ ಹಾಕಿದ ಉದ್ಯೋಗದಾತರ ಬಳಿ ಮಾತ್ರ ದುಡಿಯಲು ಬಿಡುತ್ತದೆ. ಶುಲ್ಕ ಪಡೆದು ನೋಟರಿ ಮಾಡುವುದು ಸ್ವಂತ ಉದ್ಯೋಗವಾಗುವುದರಿಂದ, ವಾರಾಂತ್ಯದ 25 ಡಾಲರಿಗಾಗಿ ಹಲವು ವರ್ಷ ಕಾದ ಗ್ರೀನ್ ಕಾರ್ಡನ್ನು ಅಪಾಯಕ್ಕೆ ಒಡ್ಡಬೇಡಿ.

ನಿಮ್ಮ ಪತ್ನಿಯವರ ಸ್ಥಿತಿ ಅವರಿಗೆ ಕೆಲಸದ ಅನುಮತಿ ಚೀಟಿ ಇದೆಯೇ ಎಂಬುದರ ಮೇಲೆ ನಿಂತಿದೆ. ಗ್ರೀನ್ ಕಾರ್ಡಿಗಾಗಿ ಉದ್ಯೋಗದಾತರು ನಿಮ್ಮ ಪರವಾಗಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿದ್ದರೆ, 2015ರಲ್ಲಿ ಬಂದ ನಿಯಮದ ಪ್ರಕಾರ ಅವರು ಆ ಚೀಟಿಗೆ ಅರ್ಜಿ ಸಲ್ಲಿಸಬಹುದು. ಅದು ಕೈಗೆ ಬಂದರೆ ಅದರ ಅವಧಿ ಇರುವವರೆಗೆ ಸ್ವಂತ ಉದ್ಯೋಗಕ್ಕೂ ಅಡ್ಡಿಯಿಲ್ಲ. ಅವಧಿ ಮುಗಿದು ಹೊಸದು ಬರುವ ತನಕ ಮುದ್ರೆಯನ್ನು ಪೆಟ್ಟಿಗೆಯಲ್ಲಿಡಬೇಕು. ಅರ್ಜಿ ಹಾಕುವ ಮುನ್ನ ವಲಸೆ ವಕೀಲರೊಬ್ಬರಿಗೆ ನಿಮ್ಮ ಕಾಗದಪತ್ರಗಳನ್ನು ತೋರಿಸಿ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸಾನ್ ಹೋಸೆಯಲ್ಲಿ ಈಗಾಗಲೇ ನೋಟರಿ. ಆನ್‌ಲೈನ್ ಕೆಲಸಕ್ಕೆ ಯಾವಾಗ ನೋಂದಾಯಿಸಬಹುದು?

ಉತ್ತರ: ನೀವು ಕಾಯಬೇಕು. ನಿಮ್ಮ ರಾಜ್ಯ 2023ರಲ್ಲಿ ಇದಕ್ಕೆ ಕಾನೂನು ಮಾಡಿತಾದರೂ, ಬೇಕಾದ ತಾಂತ್ರಿಕ ವ್ಯವಸ್ಥೆಯನ್ನು ಸಿದ್ಧಪಡಿಸಲು ರಾಜ್ಯ ಕಾರ್ಯದರ್ಶಿಗಳಿಗೆ 2030ರ ಜನವರಿ 1ರವರೆಗೆ ಸಮಯ ಕೊಟ್ಟಿದೆ. ವ್ಯವಸ್ಥೆ ಸಿದ್ಧವಾಯಿತೆಂದು ಅವರು ಪ್ರಕಟಿಸುವ ತನಕ ಕ್ಯಾಲಿಫೋರ್ನಿಯಾದ ನೋಟರಿ ವಿಡಿಯೋ ಮೂಲಕ ಮುದ್ರೆ ಹಾಕುವಂತಿಲ್ಲ. 'ಬೇರೆ ರಾಜ್ಯದ ವಿಳಾಸ ಕೊಟ್ಟು ನೇಮಕ ಕೊಡಿಸುತ್ತೇವೆ' ಎನ್ನುವವರು ಸಿಕ್ಕಾರು. ಅವರ ಮಾತಿಗೆ ಕಿವಿಗೊಟ್ಟರೆ ಈಗಿರುವ ನೇಮಕವೂ ಹೋದೀತು.

ಪ್ರಶ್ನೆ: ನಾನು ಮೈಸೂರಿನಲ್ಲಿ ನಾಲ್ಕು ವರ್ಷದಿಂದ ವಕೀಲಿ ಮಾಡುತ್ತಿರುವ ಯುವತಿ. ಕೇಂದ್ರ ಸರ್ಕಾರ ನೋಟರಿ ಪೋರ್ಟಲ್ ತೆರೆದಿದೆ ಎಂದು ಓದಿದೆ. ಹಾಗಾದರೆ ಭಾರತದಲ್ಲೂ ಆನ್‌ಲೈನ್ ನೋಟರಿ ಶುರುವಾಗಿದೆಯೇ? ನಾನು ಯಾವಾಗ ಅರ್ಹಳಾಗುತ್ತೇನೆ?

ಉತ್ತರ: ಆ ಪೋರ್ಟಲ್ ಬಗ್ಗೆ ಈ ಗೊಂದಲ ಅನೇಕ ವಕೀಲರಲ್ಲೂ ಇದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಕಾನೂನು ಸಚಿವಾಲಯ ತೆರೆದ ಆ ಪೋರ್ಟಲ್ ಇರುವುದು ನೋಟರಿಯಾಗಲು ಅರ್ಜಿ ಸಲ್ಲಿಸುವುದಕ್ಕೆ, ಡಿಜಿಟಲ್ ಸಹಿಯಿರುವ ವೃತ್ತಿ ಪ್ರಮಾಣಪತ್ರ ಪಡೆಯುವುದಕ್ಕೆ ಮತ್ತು ಇಂಥ ಆಡಳಿತದ ಕೆಲಸಗಳಿಗೆ. ಕಾಗದ ಹೊತ್ತು ದೆಹಲಿಗೆ ಅಲೆಯುವುದು ತಪ್ಪುತ್ತದೆ ಎಂಬುದು ದೊಡ್ಡ ಅನುಕೂಲವೇ. ಆದರೆ ಕಕ್ಷಿದಾರರ ಸಹಿಯನ್ನು ವಿಡಿಯೋದಲ್ಲಿ ನೋಡಿ ದೃಢೀಕರಿಸುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. 1952ರ ನೋಟರಿಗಳ ಕಾಯಿದೆಯಾಗಲಿ 1956ರ ನಿಯಮಗಳಾಗಲಿ ಅಮೆರಿಕದ ರಾಜ್ಯಗಳಂತೆ ದೂರದಿಂದ ನೋಟರಿ ಮಾಡುವ ಕ್ರಮವನ್ನು ರೂಪಿಸಿಲ್ಲ. ಅವು ಕಲ್ಪಿಸಿಕೊಂಡಿರುವುದು ಕಾಗದದ ವಹಿಯನ್ನು, ಅದರಲ್ಲಿ ಕಕ್ಷಿದಾರರು ಮಾಡುವ ಸಹಿಯನ್ನು, ಐದು ಸೆಂಟಿಮೀಟರ್ ವ್ಯಾಸದ ದುಂಡು ಮೊಹರನ್ನು. ಆಧಾರ್ ಮೂಲಕ ಮಾಡುವ ವಿದ್ಯುನ್ಮಾನ ಸಹಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಮಾನ್ಯತೆ ಇದೆ ನಿಜ, ಆದರೆ ಆ ಸಹಿ ನೋಟರಿಯ ದೃಢೀಕರಣವಾಗುವುದಿಲ್ಲ. 'ಮನೆ ಬಾಗಿಲಿಗೆ ಆನ್‌ಲೈನ್ ನೋಟರಿ' ಎಂದು ಜಾಹೀರಾತು ಕೊಡುವ ಜಾಲತಾಣಗಳನ್ನು ನಂಬಿ ನಿಮ್ಮ ಕಕ್ಷಿದಾರರು ತಂದ ಪತ್ರಗಳನ್ನು, ಅವರು ಆ ನೋಟರಿಯ ಎದುರು ಕುಳಿತಿದ್ದರೇ ಎಂದು ಕೇಳದೆ ನ್ಯಾಯಾಲಯಕ್ಕೆ ಹಾಜರುಪಡಿಸಬೇಡಿ.

ಅರ್ಹತೆಯ ಬಗ್ಗೆ: ಸಾಮಾನ್ಯ ವರ್ಗದ ಪುರುಷ ವಕೀಲರಿಗೆ ಕನಿಷ್ಠ 10 ವರ್ಷದ ವೃತ್ತಿ ಬೇಕು, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರ ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಅಂದರೆ ಇನ್ನು ಮೂರು ವರ್ಷಕ್ಕೆ ನೀವು ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರಕ್ಕೂ ರಾಜ್ಯ ಸರ್ಕಾರಕ್ಕೂ ಪ್ರತ್ಯೇಕ ನೇಮಕಾಧಿಕಾರವಿದೆ, ವೃತ್ತಿ ಪ್ರಮಾಣಪತ್ರ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ನಮ್ಮಲ್ಲಿ ವಕೀಲಿ ಅನುಭವ ಕೇಳುವುದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಇಲ್ಲಿನ ನೋಟರಿ ಪ್ರಮಾಣವಚನ ಬೋಧಿಸುವುದು, ಪತ್ರಗಳ ಅನುವಾದವನ್ನು ಪರಿಶೀಲಿಸುವುದು ಮುಂತಾದ ವಿಸ್ತಾರವಾದ ಕೆಲಸ ಮಾಡುತ್ತಾರೆ. ಆದರೆ ವಿಡಿಯೋ ಮುದ್ರಣದ ಪದ್ಧತಿಯನ್ನು, ಎದುರಿಗೆ ಕೂರಿಸಿಕೊಂಡು ಮಾಡುವ ಕೆಲಸಕ್ಕಾದರೂ ನಮ್ಮ ನಿಯಮಗಳಿಗೆ ಸೇರಿಸಬೇಕೆಂಬುದು ನನ್ನ ಬಹುಕಾಲದ ಅಪೇಕ್ಷೆ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನ ಮಗನ ಹೆಸರಿನಲ್ಲಿ ಒಂದು ನಿವೇಶನವಿದೆ. ಅವನು ನ್ಯೂಜೆರ್ಸಿಯಲ್ಲಿದ್ದಾನೆ. ಅದನ್ನು ಮಾರಲು ನನಗೆ ಜಿಪಿಎ (ತನ್ನ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಮುಖ್ತಾರ್‌ನಾಮೆ) ಕೊಡಬೇಕು. ಅಲ್ಲಿಯ ಆನ್‌ಲೈನ್ ನೋಟರಿಯಿಂದ ಹತ್ತು ನಿಮಿಷದಲ್ಲಿ ಮಾಡಿಸಿ ಇ-ಮೇಲ್ ಕಳಿಸುತ್ತೇನೆ ಎನ್ನುತ್ತಾನೆ. ಅದು ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುತ್ತದೆಯೇ?

ಉತ್ತರ: ಯಜಮಾನರೇ, ದಯವಿಟ್ಟು ಆ ದಾರಿ ಹಿಡಿಯಬೇಡಿ. ನಿಮ್ಮ ಮಗ ಹೇಳುವುದು ಅಲ್ಲಿನ ಕೆಲಸಗಳಿಗೆ ಸರಿ, ಇಲ್ಲಿನ ನಿವೇಶನಕ್ಕೆ ಸರಿಯಲ್ಲ. ಆನ್‌ಲೈನ್ ನೋಟರಿಯಲ್ಲಿ ಸಾಮಾನ್ಯವಾಗಿ ಮೂಲಪತ್ರವೇ ವಿದ್ಯುನ್ಮಾನ ರೂಪದ್ದು. ನಿಮಗೆ ಸಿಗುವ ಕಾಗದ ಅದರ ಮುದ್ರಿತ ಪ್ರತಿ ಮಾತ್ರ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ವಿದ್ಯುನ್ಮಾನ ಪತ್ರಗಳಿಗೆ ಮಾನ್ಯತೆ ಕೊಟ್ಟಾಗಲೇ ಕೆಲವನ್ನು ಹೊರಗಿಟ್ಟಿತು: ಉಯಿಲು, ಟ್ರಸ್ಟ್ ಮತ್ತು ಮುಖ್ತಾರ್‌ನಾಮೆ ಅವುಗಳಲ್ಲಿ ಸೇರಿವೆ. 2022ರಲ್ಲಿ ಆ ಪಟ್ಟಿ ಸಡಿಲವಾದಾಗಲೂ ಮುಖ್ತಾರ್‌ನಾಮೆಗೆ ವಿನಾಯಿತಿ ಸಿಕ್ಕಿದ್ದು ಹಣಕಾಸು ನಿಯಂತ್ರಣ ಸಂಸ್ಥೆಗಳ ಅಧೀನದಲ್ಲಿರುವ ಬ್ಯಾಂಕು ಮುಂತಾದವುಗಳಿಗೆ ಬರೆದುಕೊಡುವ ಪತ್ರಗಳಿಗೆ ಮಾತ್ರ. ಮಗ ತಂದೆಗೆ ಕೊಡುವ ಜಿಪಿಎ ಅದರೊಳಗೆ ಬರುವುದಿಲ್ಲ. ಆದ್ದರಿಂದ ಅದು ಕಾಗದದ ಮೇಲೆ, ಶಾಯಿಯ ಸಹಿಯೊಡನೆಯೇ ಇರಬೇಕು.

1908ರ ನೋಂದಣಿ ಕಾಯಿದೆಯ 33ನೇ ಕಲಮಿನ ಪ್ರಕಾರ, ಭಾರತದ ಹೊರಗೆ ವಾಸವಿರುವವರು ತಮ್ಮ ಮುಖ್ತಾರ್‌ನಾಮೆಯನ್ನು ಅಲ್ಲಿನ ನೋಟರಿ, ನ್ಯಾಯಾಧೀಶರು, ಮ್ಯಾಜಿಸ್ಟ್ರೇಟರು ಅಥವಾ ಭಾರತದ ಕಾನ್ಸುಲ್ ಅವರ ಮುಂದೆ ಬರೆದುಕೊಟ್ಟು ದೃಢೀಕರಣ ಪಡೆಯಬೇಕು. ನ್ಯೂಜೆರ್ಸಿಯವರಿಗೆ ನ್ಯೂಯಾರ್ಕಿನಲ್ಲಿರುವ ಭಾರತದ ಕಾನ್ಸುಲೇಟ್ ಹತ್ತಿರವೇ ಇದೆ. ನಮ್ಮ ಕಚೇರಿಗಳಲ್ಲಿ ಅದರ ಮುದ್ರೆಯನ್ನು ಕಂಡರೆ ಪ್ರಶ್ನೆಗಳು ಕಡಿಮೆ. ಇಲ್ಲವಾದರೆ ನಿಮ್ಮ ಮಗ ಮನೆಯ ಹತ್ತಿರದ ನೋಟರಿಯ ಎದುರು ಹೋಗಿ ಸಹಿ ಮಾಡಿ, ಆ ರಾಜ್ಯದ ಅಧಿಕೃತ ಕಚೇರಿಯಿಂದ ಅಪಾಸ್ಟಿಲ್ (ಪತ್ರ ಬೇರೆ ದೇಶದಲ್ಲೂ ಮಾನ್ಯವಾಗಲೆಂದು ಕೊಡುವ ದೃಢೀಕರಣ) ಮಾಡಿಸಲಿ. ವಿದೇಶಿ ಪತ್ರಗಳ ದೃಢೀಕರಣಕ್ಕೆ ಸಂಬಂಧಿಸಿದ 1961ರ ಹೇಗ್ ಒಪ್ಪಂದದಲ್ಲಿ ಎರಡೂ ದೇಶಗಳಿವೆ. ಭಾರತದಲ್ಲಿ ಅದು 2005ರಿಂದ ಜಾರಿಯಲ್ಲಿದೆ.

ಪತ್ರದಲ್ಲಿ ನಿವೇಶನದ ಸಂಖ್ಯೆ, ಚಕ್ಕುಬಂದಿ, ಅಳತೆ, ಮಾರುವ ಮತ್ತು ಹಣ ಪಡೆಯುವ ಅಧಿಕಾರ ಎಲ್ಲವೂ ಸ್ಪಷ್ಟವಾಗಿರಲಿ; ಇಲ್ಲಿನ ವಕೀಲರಿಂದ ಕರಡು ಬರೆಸಿ ಕಳುಹಿಸಿ. ಅಮೆರಿಕದ ನೋಟರಿಗೆ ಅದನ್ನು ತಿದ್ದುವ ಅಧಿಕಾರವಿಲ್ಲವೆಂದು ಮೊದಲ ಉತ್ತರದಲ್ಲೇ ಹೇಳಿದ್ದೇನೆ. ಪ್ರತಿ ಪುಟಕ್ಕೂ ಮಗನ ಸಹಿ ಇರಲಿ, ಭಾವಚಿತ್ರ ಅಂಟಿಸಿರಲಿ, ಪಾಸ್‌ಪೋರ್ಟಿನ ಪ್ರತಿ ಜೊತೆಗಿರಲಿ. ಮೂಲಪತ್ರವನ್ನು ಕೊರಿಯರ್‌ನಲ್ಲಿ ಕಳುಹಿಸಬೇಕು, ಇ-ಮೇಲ್ ಸಾಲದು. ಅದು ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು; ಅದಕ್ಕಾಗಿ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಹೋಗಿ, ತಲುಪಿದ ದಿನಾಂಕಕ್ಕೆ ಪುರಾವೆಯಾಗಿ ಕೊರಿಯರ್ ಲಕೋಟೆಯನ್ನೂ ಕೊಂಡೊಯ್ಯಿರಿ. ಆ ಲಕೋಟೆಯನ್ನು ಹರಿದು ಬಿಸಾಡಿ ಆಮೇಲೆ ತೊಂದರೆಗೆ ಸಿಕ್ಕವರನ್ನು ನೋಡಿದ್ದೇನೆ, ಆದ್ದರಿಂದ ಇಷ್ಟು ಸಣ್ಣ ವಿಷಯವನ್ನೂ ಬರೆಯುತ್ತಿದ್ದೇನೆ. ಕೊಳ್ಳುವವರಿಂದ ಮುಂಗಡ ಪಡೆಯುವುದಕ್ಕೆ ಮೊದಲು ಈ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಮ್ಮೆ ತೋರಿಸಿ, ಅವರಿಗೆ ಆಕ್ಷೇಪವಿಲ್ಲವೆಂದು ತಿಳಿದುಕೊಂಡು ಮುಂದುವರಿಯಿರಿ.